ಇದ್ದರೂ ಇಲ್ಲ ಅನ್ನೋ ಸರ್ವರ್

ಕುರುಗೋಡಿನ ಗಂಗಕ್ಕನ ಆನ್‌ಲೈನ್ ಸೆಂಟರಿಗೆ ನಮ್ಮ ಕಂಪನಿಯದೇ ಇಂಟರ್ನೆಟ್. ಸೈಟಿನ ಹೆಸರು ಕೇಳಿದರೆ ವಿಳಾಸ ಹೇಳೋದು ನಮ್ಮ ಡಿಎನ್‌ಎಸ್ ಸರ್ವರಿನ ಕೆಲಸ. ಬೆಟ್ಟಿಂಗ್ ಸೈಟು ಕೇಳಿದರೆ ಮಾತ್ರ "ಅಂಥ ಹೆಸರೇ ಇಲ್ಲ" ಅನ್ನಬೇಕು ಅಂತ ನಿಯಮ ಹಾಕಿ, ಪರೀಕ್ಷೆಗೆ ಕೂತಿದ್ದೆ.

"ಸೈಟ್ ಐತಲ್ರೀ?" ಅಂದಳು ಗಂಗಕ್ಕ.

"ಐತಿ ಅಕ್ಕಾ. ಇಲ್ಲ ಅನ್ನಬೇಕು."

"ಸುಳ್ಳು ಹೇಳಾಕ ಸರ್ವರ್ ಬೇಕೇನ್ರೀ?"

ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಬೆಟ್ಟಿಂಗ್ ಸೈಟೂ ತೆರೆಯಲಿಲ್ಲ. ಅದೇ ವೈಫೈ ಹಿಡಿದಿದ್ದ ಗಂಗಕ್ಕನ ಮೊಬೈಲಿನಲ್ಲಿ ಎಲ್ಲವೂ ತೆರೆದವು! ಕೂತಲ್ಲಿ ಕೂರಲಾಗಲಿಲ್ಲ. ನಿಯಮ ಅಳಿಸಿ ಬರೆದೆ, ರೂಟರ್ ಆರಿಸಿ ಹಚ್ಚಿದೆ, ಸುಮ್ಮನೆ ಬೀದಿಗೆ ಹೋಗಿ ಬಂದೆ. ಕಡೆಗೆ ಗೊತ್ತಾಯಿತು: ಆ ಮೊಬೈಲು ನಮ್ಮ ಸರ್ವರನ್ನು ಕೇಳುತ್ತಲೇ ಇರಲಿಲ್ಲ, ಹೊರಗಿನ ಇನ್ಯಾವುದೋ ಸರ್ವರನ್ನು ಕೇಳುತ್ತಿತ್ತು.

ಅಷ್ಟರಲ್ಲಿ ಬಳ್ಳಾರಿಯಿಂದ ನಮ್ಮ ಸಾಹೇಬರ ಫೋನು. ನಾನು ಎತ್ತಲಿಲ್ಲ ಅಂತ ಗಂಗಕ್ಕನಿಗೇ ಮಾಡಿದರು. ಬೇಡ ಬೇಡ ಅಂತ ಕೈಯಾಡಿಸಿದೆ.

"ಇಲ್ರೀ, ನಿಮ್ಮವ್ರು ಇನ್ನೂ ಬಂದೇ ಇಲ್ಲ," ಅಂದಳು ಆಕೆ, ಚೂರೂ ತಡವರಿಸದೆ. ನಮ್ಮ ಸರ್ವರ್ ಕೂಡ ಇಷ್ಟು ಚೆಂದ ಹೇಳಿರಲಿಲ್ಲ.

ಮರುಗಳಿಗೆ ಮೊಬೈಲು ನನ್ನ ಕಡೆ ಚಾಚಿದಳು.

"ತಗೋರಿ. ಕಂಪನಿ ಜೀಪು ನಮ್ಮ ಅಂಗಡಿ ಮುಂದ ನಿಂತೈತಿ ಅಂತ ಜಿಪಿಎಸ್ ಹೇಳೈತಂತ."

ಸಾಹೇಬರೂ ಬೇರೆ ಕಡೆ ಕೇಳಿಕೊಂಡೇ ಫೋನ್ ಮಾಡಿದ್ದರು.