ಆರು ಚುಕ್ಕಿ, ಒಂದು ಚಪ್ಪಲಿ

ಶಹಾಪುರದ ಒಂದು ಹತ್ತಿ ಮಿಲ್ಲಿಗೆ, ತೂಕಕ್ಕೆ ಬಂದ ಟ್ರ್ಯಾಕ್ಟರ್‌ಗಳ ಪಾಳಿ ತೋರಿಸುವ ವೆಬ್ ಪುಟ ಮಾಡಿಕೊಟ್ಟಿದ್ದೆ. ಮೊಬೈಲಿನಲ್ಲಿ ಡ್ರೈವರನ ಹೆಸರನ್ನು ಬೆರಳಿನಿಂದ ಎಳೆದು ಮೇಲೆ ಕೆಳಗೆ ಮಾಡಬಹುದು. ಎಲ್ಲಿ ಹಿಡಿದು ಎಳೆಯಬೇಕೆಂದು ತಿಳಿಯಲು ಪ್ರತಿ ಹೆಸರಿನ ಪಕ್ಕ ಆರು ಚುಕ್ಕಿ ಇಟ್ಟಿದ್ದೆ. ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ ಎಂಬುದು ನನ್ನ ಜಂಬ.

ಗುಮಾಸ್ತ ಬಸಣ್ಣನವರು ಆ ಚುಕ್ಕಿಗಳನ್ನು ಧೂಳೆಂದು ಹೆಬ್ಬೆರಳಿನಿಂದ ತಿಕ್ಕಿದರು. ಪಾಳಿಯಲ್ಲಿ ಕೊನೆಯ ಟ್ರ್ಯಾಕ್ಟರ್ ಮೊದಲಿಗೆ ಬಂತು. ಹೊರಗೆ ಜಗಳ ಹತ್ತಿತು.

"ನೀವೇ ಸರಿಸಿದಿರಲ್ಲ" ಎಂದೆ.

"ನಾ ಧೂಳ ಒರಿಸೀನ್ರಿ ಸರ. ಪಾಳಿ ಯಾಕ ಮುಟ್ಟಲಿ?"

ನನ್ನನ್ನು ಅಂಗಳಕ್ಕೆ ಕರೆದೊಯ್ದರು. ಡ್ರೈವರುಗಳು ತಂತಮ್ಮ ಒಂದೊಂದು ಚಪ್ಪಲಿಯನ್ನು ತೂಕದ ಕಾಟಾದ ಮುಂದೆ ಪಾಳಿಗೆಂದು ಸಾಲಾಗಿ ಬಿಟ್ಟು ಬೇವಿನ ನೆರಳಲ್ಲಿ ಕೂತಿದ್ದರು. ಒಬ್ಬ ತನ್ನ ಚಪ್ಪಲಿಯನ್ನು ಕಾಲಿನಿಂದ ಮೆಲ್ಲಗೆ ಮುಂದೆ ತಳ್ಳಿದ. ನೆರಳಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು. ಚಪ್ಪಲಿ ಹಿಂದೆ ಬಂತು.

"ನೋಡಿದ್ರ್ಯಾ? ಇಲ್ಲಿ ಯಾರರೆ ಸರಿಸಿದ್ರ ಎಲ್ಲಾರೂ ಒದರ್ತಾರ. ನಿಮ್ಮ ಮೊಬೈಲ್ ಸುಮ್ಕ ಕುಂಡ್ರತೈತ್ರಿ."

ಈಗ ಹೆಸರು ಸರಿದರೆ ಮೊಬೈಲ್ ಕೂಗುತ್ತದೆ, ಒಂದು ಗುಂಡಿ ಒತ್ತಿದರೆ ಹೆಸರು ಹಿಂದಕ್ಕೂ ಹೋಗುತ್ತದೆ. ಈ ಐಡಿಯಾ ಎಲ್ಲಿಂದ ಬಂತೆಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಹೊಗಳಿ ಕೇಳಿದರು. ಬಳಕೆದಾರರ ಅಧ್ಯಯನದಿಂದ ಎಂದೆ. ಚಪ್ಪಲಿಯಿಂದ ಎನ್ನಲು ಬಾಯಿ ಬರಲಿಲ್ಲ.