ಅದು ಬರೀ ಉದಾಹರಣೆ ಎಂದಿದ್ದೆ

ನಾನು ಸುಳ್ಳು ಹೇಳಿದೆ, ರೇಣುಕಾ. ವಿಚಾರಣೆಯ ಕೋಣೆಯಲ್ಲಿ, ನಿಮ್ಮ ಎದುರಿಗೇ.

ಬೊಮ್ಮಸಂದ್ರದಲ್ಲಿ ಮೆಟ್ರೊ ಮಾತೇ ಇಲ್ಲದ ಕಾಲ. ವಾರವಿಡೀ ಪತ್ರಿಕೆಗೆ ವರದಿ ಬರೆಯುತ್ತಿದ್ದ ನಾನು ಭಾನುವಾರ ನಿಮ್ಮ ಔಷಧ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸಂಬಳ ಕಂಪನಿಯದು. ಅಂದಿನ ಪಾಠ—ಆಗಿಹೋದದ್ದನ್ನು ಹೇಳುವಾಗ 'ಹ್ಯಾಸ್' ಎಲ್ಲಿ ಬೇಕು, ಎಲ್ಲಿ ಬೇಡ. ಪುಸ್ತಕದ ವಾಕ್ಯ ಬೇಡ, ನಿಮ್ಮ ಬದುಕಿನದೇ ಹೇಳಿ ಎಂದವನೂ ನಾನೇ. ಪ್ಯಾಕಿಂಗ್ ವಿಭಾಗದ ನೀವು, ಯಾದಗಿರಿ ಕಡೆಯವರು, ಎದ್ದು ನಿಂತಿರಿ:

"ಯೆಸ್ಟರ್‌ಡೇ ಸೂಪರ್‌ವೈಸರ್ ಹ್ಯಾಸ್ ಲಾಕ್ಡ್ ಮಿ ಇನ್ ಗೋಡೌನ್."

ನಿನ್ನೆ ಸೂಪರ್‌ವೈಸರ್ ನನ್ನನ್ನು ಗೋಡೌನಿನಲ್ಲಿ ಕೂಡಿಹಾಕಿದ.

"ಫ್ಯಾನ್ ಇತ್ತೇನಕ್ಕ ಒಳಗೆ?" ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಕೇಳಿದ.

"ನೀ ಹೋಗಿ ಕುಂಡ್ರು, ಗೊತ್ತಾಕ್ಕೈತಿ," ಎಂದಿರಿ. ಎಲ್ಲರೂ ನಕ್ಕರು.

ಯಾರು, ಏನು, ಎಲ್ಲಿ, ಏಕೆ ಎಂದು ಕೇಳುವುದೇ ಕಸುಬಾಗಿದ್ದ ನಾನು ಒಂದನ್ನೂ ಕೇಳಲಿಲ್ಲ. ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, "ಯೆಸ್ಟರ್‌ಡೇ ಅಂದಮೇಲೆ ಹ್ಯಾಸ್ ಬೇಡಮ್ಮ, ಲಾಕ್ಡ್ ಸಾಕು," ಎಂದೆ. ನೀವು ತಿದ್ದಿಕೊಂಡು ಮತ್ತೆ ಹೇಳಿದಿರಿ. ಗುಡ್ ಎಂದೆ. ಗುಡ್—

ಕೆಲವು ವಾರಗಳ ನಂತರ ನೀವು ದೂರು ಕೊಟ್ಟಿರಿ: ಆ ಶನಿವಾರ ಗೋಡೌನಿನ ಬಾಗಿಲು ಹಾಕಿಕೊಂಡು ಸೂಪರ್‌ವೈಸರ್ ಮೈಮೇಲೆ ಕೈ ಹಾಕಿದ್ದನೆಂದು. "ಇಷ್ಟು ದಿನ ಯಾರಿಗೂ ಹೇಳದೆ ಈಗ ಯಾಕಮ್ಮ?" ಎಂದರು ಕಂಪನಿಯ ಅಧಿಕಾರಿ. ಮರುದಿನವೇ ತರಗತಿಯಲ್ಲಿ ಹೇಳಿದ್ದೆನೆಂದು ನೀವು ನನ್ನ ಹೆಸರು ಹೇಳಿದಿರಿ. ನನ್ನನ್ನು ಕರೆಸಿದರು.

"ಸರ್, ಬೋರ್ಡ್ ಮ್ಯಾಲ ನೀವೇ ಬರದಿದ್ರಲ್ರಿ."

"ಅದು ಬರೀ ವ್ಯಾಕರಣದ ಉದಾಹರಣೆ," ಎಂದೆ ನಾನು. "ನಿಜವಾಗಿ ಆಗಿದ್ದು ಅಂತ ಇವರು ಹೇಳಲಿಲ್ಲ."

ನಿಮಗೆ ಸುಳ್ಳುಗಾರ್ತಿ ಎಂಬ ಹೆಸರು ಬಂತು, ಕೆಲಸ ಹೋಯಿತು. ನನ್ನ ತರಗತಿ ಉಳಿಯಿತು—ಅದು ಉಳಿಯಲೆಂದೇ ಹಾಗೆ ಹೇಳಿದ್ದು. ನಿಮ್ಮ ವಾಕ್ಯ ಮರೆತಿರಲಿಲ್ಲ. ಯಾರೂ ಬೆದರಿಸಿರಲಿಲ್ಲ. ಅವನನ್ನು ನೆನೆದರೆ ಮೈ ಉರಿಯುತ್ತದೆ, ಆ ಅಧಿಕಾರಿಯನ್ನು ನೆನೆದರೂ. ಆದರೆ ಇಬ್ಬರಿಗೂ ಬೇಕಾಗಿದ್ದ ಒಂದು ಮಾತು ನನ್ನ ಬಾಯಲ್ಲಿತ್ತು, ನಾನು ಕೊಟ್ಟೆ. ಅಂಥ ಸುಳ್ಳು ಸಾಕ್ಷಿ ಹೇಳಿದ ಬೇರೆಯವರ ಹೆಸರುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ನಾನು—ನಾಚಿಕೆಗೆಟ್ಟವನು.

ಆ ಸೂಪರ್‌ವೈಸರ್ ಈಗ ಅಲ್ಲಿಯೇ ಮ್ಯಾನೇಜರ್. ಪ್ಯಾಕಿಂಗ್‌ಗೆ ಹೊಸ ಹುಡುಗಿಯರು ಸೇರುತ್ತಲೇ ಇದ್ದಾರೆ. ಅಂದು ಸುಳ್ಳು ಹೇಳಿದೆನೆಂದು ಬರೆದು, ನನ್ನ ಹೆಸರಿನಲ್ಲಿ ಸಹಿ ಮಾಡಿ ಆ ಕಂಪನಿಗೆ ಕೊಡುತ್ತೇನೆ. ತೆಗೆದುಕೊಳ್ಳದಿದ್ದರೆ ಪೊಲೀಸ್ ಠಾಣೆಗೆ. ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವ ಕೆಲಸವೂ ನಿಮ್ಮದಾಗುತ್ತದೆ.