ನಮ್ಮೂರ ಮೇಲೆ ಸುರಿದ ಆಮ್ಲ ಮಳೆ

ಹುಣಸೂರಿನಲ್ಲಿ ಬಿ.ಎ. ಓದುವಾಗ ನಾನು ಆರಿಸಿಕೊಂಡದ್ದು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಆರಿಸಿಕೊಳ್ಳದೆ ತಲೆಗೆ ಬಂದದ್ದು ಪರಿಸರ ಅಧ್ಯಯನ. ಎರಡು ಸಾವಿರದ ಈಚೆಯ ಆ ವರ್ಷಗಳಲ್ಲಿ ನಮಗೆಲ್ಲ ಅದು ಕಡ್ಡಾಯವಾಗಿತ್ತು. ಅದರ ಅಂಕ ಕ್ಲಾಸಿನ ಲೆಕ್ಕಕ್ಕಿಲ್ಲ, ಆದರೆ ಅದು ಪಾಸಾಗದೆ ಪದವಿಯೇ ಇಲ್ಲ. ಇದಕ್ಕೆ ಸಮಗ್ರ ಶಿಕ್ಷಣ ಎನ್ನುತ್ತಾರೆಂದು ಪ್ರಿನ್ಸಿಪಾಲರು ಭಾಷಣ ಮಾಡಿದ್ದರು. ಆ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಸಮಗ್ರ ಶಿಕ್ಷಣಕ್ಕೆ ಬೇರೆ ಮೇಷ್ಟ್ರು ಇರಲಿಲ್ಲ. ರಾಜ್ಯಶಾಸ್ತ್ರದವರ ಕೊರಳಿಗೆ ಕಟ್ಟಿದ್ದರು. ಅವರು ಶನಿವಾರದ ಕೊನೇ ಪೀರಿಯಡ್ಡಿಗೆ ಬಂದು, ಗೈಡು ಹಿಡಿದು, ಆಮ್ಲ ಮಳೆ, ಓಝೋನ್ ಪದರ ಎಂದು ಬರೆಸುತ್ತಿದ್ದರು. ಹೊರಗೆ ರಸ್ತೆಯಲ್ಲಿ ಸೌದೆ ತುಂಬಿದ ಲಾರಿಗಳು ಹೋಗುತ್ತಿದ್ದವು. ಆ ಸದ್ದಿಗೆ ಮೇಷ್ಟ್ರು ಬರೆಸುವುದನ್ನು ನಿಲ್ಲಿಸುವರು, ಲಾರಿ ದಾಟಿದ ಮೇಲೆ ಓಝೋನ್ ಮುಂದುವರಿಸುವರು.

ಸೌದೆ ಯಾತಕ್ಕೆಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಗಾವಡಗೆರೆ ಸುತ್ತಿನ ನಮ್ಮಂಥವರು ಬೆಳೆಯುವುದು ಹೊಗೆಸೊಪ್ಪು. ಹಸಿ ಸೊಪ್ಪನ್ನು ಬ್ಯಾರನ್ ಎಂಬ ಎತ್ತರದ ಕಟ್ಟಡದಲ್ಲಿ ತೂಗುಹಾಕಿ, ಬೆಂಕಿ ಆರದಂತೆ ಸೌದೆ ಒಟ್ಟಿ ಬೇಯಿಸಬೇಕು. ನಮ್ಮಪ್ಪನದು ಲೈಸೆನ್ಸಿನ ಬ್ಯಾರನ್ ಒಂದು, ಅದರ ಹಿಂದೆ ಲೈಸೆನ್ಸಿಲ್ಲದ್ದು ಇನ್ನೊಂದು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು, ಲೈಸೆನ್ಸ್ ಕೊಡುವವರ ಕಿವಿಗೆ ಬಿದ್ದರೆ ಮೊದಲನೆಯದೂ ಹೋಗುತ್ತಿತ್ತು.

ಪದವಿ ಮುಗಿದ ವರ್ಷವೇ ಬಿ.ಇಡಿ. ಸೀಟು ಸಿಕ್ಕರೆ ಓದಿಸುವುದು, ಇಲ್ಲವಾದರೆ ಗಂಡು ನೋಡುವುದು ಎಂದು ಅಪ್ಪ ಹೇಳಿಬಿಟ್ಟಿದ್ದರು. ಕೊನೇ ವರ್ಷದ ಪರಿಸರದ ಪರೀಕ್ಷೆಯಲ್ಲಿ, ನಿಮ್ಮ ಪ್ರದೇಶದ ಒಂದು ಪರಿಸರ ಸಮಸ್ಯೆಯನ್ನು ವಿವರಿಸಿ ಎಂಬ ಪ್ರಶ್ನೆ ಬಂತು. ಕಾಲೇಜಿಗೆ ಸೇರಿದ ಮೇಲೆ ಮೊದಲ ಸಲ ಯಾರೋ ನನ್ನನ್ನೇ ಕೇಳಿದಂತಿತ್ತು. ಬದುವಿನ ಹೊಂಗೆ ಹೋದದ್ದು, ಹುಣಸೆ ಹೋದದ್ದು, ಎರಡನೇ ಬ್ಯಾರನ್ ಕಟ್ಟಿದ ಮೇಲೆ ಅಪ್ಪ ಕಾಯಿ ಬಿಡುತ್ತಿದ್ದ ಹಲಸನ್ನೂ ಕಡಿಸಿದ್ದು, ಎಲ್ಲ ಬರೆದೆ. ಅಡಿಷನಲ್ ಶೀಟು ತೆಗೆದುಕೊಂಡು ಖುಷಿಯಿಂದ ಬರೆದೆ.

ಮಿಕ್ಕ ಎಲ್ಲದರಲ್ಲಿ ಪಾಸು, ಅದರಲ್ಲಿ ಫೇಲು. ಆ ಪೇಪರನ್ನು ಕಾಲೇಜಿನಲ್ಲೇ ತಿದ್ದುತ್ತಿದ್ದರು. ಮೇಷ್ಟ್ರನ್ನು ಕೇಳಲು ಹೋದೆ. ಅವರ ಮನೆಯವರೂ ಹೊಗೆಸೊಪ್ಪಿನವರೇ. ಆ ಉತ್ತರದ ಮೇಲೆ ಉದ್ದಕ್ಕೂ ಗೆರೆ ಎಳೆದಿದ್ದನ್ನು ತೋರಿಸಿ, ಬಹಳ ಅಕ್ಕರೆಯಿಂದ ಮಾತಾಡಿದರು.

“ಎರಡನೇ ಬ್ಯಾರನ್ ವಿಷ್ಯ ಯಾರಾದ್ರೂ ಬರೀತಾರೇನಮ್ಮ? ಇದಕ್ಕೆ ನಾನು ಮಾರ್ಕ್ಸ್ ಕೊಟ್ರೆ ನಿಜ ಅಂತ ಒಪ್ಕೊಂಡಂಗಾಯ್ತದೆ. ಮುಂದಿನ ಸಲ ಗೈಡಲ್ಲಿರೋದ್ ಬರಿ.”

ಅಪ್ಪ ಹೋಗಿ ಜಗಳ ಆಡುತ್ತಾರೆಂದುಕೊಂಡೆ. ಹೋದವರು ನಗುನಗುತ್ತಾ ವಾಪಸು ಬಂದರು. “ಮೇಷ್ಟ್ರು ಒಳ್ಳೇರು ಕಣವ್ವ, ನಮ್ ಮನೆ ಉಳ್ಸವ್ರೆ” ಎಂದರು. ಮಾರನೆಯ ವಾರ ಅವರ ಮನೆಗೆ ಬಾಳೆಗೊನೆ ಹೋಯಿತು. ಮಗಳ ಒಂದು ವರ್ಷ ಮಣ್ಣುಪಾಲಾದದ್ದು ನಮ್ಮ ಮನೆಯ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಆ ವರ್ಷ ಬಿ.ಇಡಿ. ಅರ್ಜಿಯ ಕಾಲ ಹಾಗೇ ದಾಟಿಹೋಯಿತು. ನಾನು ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟಿದೆ. ಬೆರಳಿಗೆ ಮೆತ್ತಿದ ಕರಿ ಅಂಟು ಸೋಪು ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಪಿರಿಯಾಪಟ್ಟಣದ ಕಡೆಯಿಂದ ನೋಡಲು ಬಂದ ಗಂಡಿಗೆ ಅದೇ ಕೈಯಲ್ಲಿ ಕಾಫಿ ಕೊಟ್ಟೆ. ಅವರು ಹೋದ ಮೇಲೆ, ಇನ್ನೊಂದು ಪರೀಕ್ಷೆ ಆಗುವವರೆಗೆ ಮದುವೆ ಮಾತು ಎತ್ತಿದರೆ ಊಟ ಬಿಡುತ್ತೇನೆಂದೆ. ಎರಡು ದಿನ ಬಿಟ್ಟೆ ಕೂಡ. ಇದೊಂದು ಸಲ ಎಂದು ಅಪ್ಪ ಒಪ್ಪಿದರು.

ಮತ್ತೆ ಪರೀಕ್ಷೆ ಬಂತು, ಮತ್ತೆ ಅದೇ ಪ್ರಶ್ನೆ. ಕಾರ್ಖಾನೆಯೇ ಇಲ್ಲದ ಊರಿಗೆ ಕಾರ್ಖಾನೆ ಕಟ್ಟಿದೆ, ಅದರಿಂದ ಹೊಗೆ ಬಿಡಿಸಿದೆ, ನಮ್ಮ ಹೊಲಗಳ ಮೇಲೆ ಆಮ್ಲ ಮಳೆ ಸುರಿಸಿದೆ. ಹಲ್ಲು ಕಚ್ಚಿಕೊಂಡು ಬರೆದೆ. ಆ ಪೇಪರಿನಲ್ಲಿ ಕಾಲೇಜಿಗೇ ಹೆಚ್ಚು ಅಂಕ ನನ್ನದು.

ಅಂಕಪಟ್ಟಿ ತರಲು ಹೋದ ದಿನ ಅಪ್ಪ ಜೊತೆಗೆ ಬಂದರು. ಮೇಷ್ಟ್ರು ಅದನ್ನು ಆಫೀಸಿನಿಂದ ತಾವೇ ತೆಗೆದುಕೊಂಡು ಬಂದಿದ್ದರು. ಈಗ ನೋಡಿ, ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡು ಬರೆದಿದ್ದಾಳೆ ಎಂದು ಅಪ್ಪನಿಗೆ ಹೇಳಿದರು. ಅಪ್ಪನ ಮುಖ ಅರಳಿತು.

“ಕಾಲ್ ಮುಟ್ಟಿ ನಮಸ್ಕಾರ ಮಾಡವ್ವ” ಎಂದರು.

ನನಗೆ ಕಿರುಚಬೇಕೆನ್ನಿಸಿತು. ಬಿ.ಇಡಿ. ಅರ್ಜಿಗೆ ಅಂದೇ ಕೊನೇ ದಿನ, ಅಂಕಪಟ್ಟಿ ಇನ್ನೂ ಮೇಷ್ಟ್ರ ಕೈಯಲ್ಲೇ ಇತ್ತು. ಬಗ್ಗಿ ನಮಸ್ಕಾರ ಮಾಡಿದೆ.